ಕೃಷಿವೇತನ ಮೀಮಾಂಸೆ: ಜನಾಂಗ ಮತ್ತು ಕುಟುಂಬಸ್ಥಿತಿ

ಪರರ ಭೂಮಿಯಲ್ಲಿ ವ್ಯಯಿಸಿದ ಶ್ರಮಕ್ಕೆ ಪ್ರತಿಯಾಗಿ ವ್ಯಕ್ತಿಗೆ ಲಭಿಸುವ ದ್ರವ್ಯವೇ ಗಳಿಕೆ. ಅದು ಕೂಲಿಯ ದರಕ್ಕಿಂತ ಭಿನ್ನ. ದರ, ಕಾರ್ಯಕಾಲ, ಕಡಿತ ಎಂಬ ಮೂರು ಅಂಗಗಳಿಂದ ಗಳಿಕೆ ಸಿದ್ಧಿಸುತ್ತದೆ. ದರಸಾಮ್ಯದಿಂದ ಗಳಿಕೆಯ ಸಾಮ್ಯ ಸಿದ್ಧಿಸದು. ಪ್ರಸ್ತುತ ವಿಚಾರದ ವಿಷಯ ಅಮೆರಿಕ ಸಂಯುಕ್ತ ಸಂಸ್ಥಾನದ ಕೃಷಿಕಾರ್ಮಿಕರು.

ಜನಾಂಗವು ಗಳಿಕೆಗೆ ದ್ವಿವಿಧ ಕಾರಣ: ಸಾಕ್ಷಾತ್ ಮತ್ತು ಪರಂಪರಾ. ದರವೇ ಜನಾಂಗಾನುಸಾರ ಭಿನ್ನವಾದರೆ ಸಾಕ್ಷಾತ್. ಹವಾಯಿಯ ಕಬ್ಬಿನ ತೋಟಗಳಲ್ಲಿ ಪೋರ್ಚುಗೀಸರಿಗೆ ತಿಂಗಳಿಗೆ 22.50 ಡಾಲರ್, ಅದೇ ಕೆಲಸಕ್ಕೆ ಜಪಾನೀಯರಿಗೆ 18 ಡಾಲರ್ ಇತ್ತು. ಅಲ್ಲಿನ ಜಪಾನೀಯರ 1909ರ ಮುಷ್ಕರಕ್ಕೆ ಇದೇ ನಿಮಿತ್ತ. ನಿಯಮವು ಜನಾಂಗವನ್ನು ಹೆಸರಿಸದೆಯೂ ಅದರ ವೃತ್ತಿಯನ್ನು ಹೊರಗಿಟ್ಟರೆ ಪರಂಪರಾ. 1938ರ ಕನಿಷ್ಠ ವೇತನ ಕಾನೂನು ಕೃಷಿಕಾರ್ಮಿಕರನ್ನು ವರ್ಜಿಸಿತು; 1966ರ ತಿದ್ದುಪಡಿ ದೊಡ್ಡ ಜಮೀನುಗಳ ಕಾರ್ಮಿಕರಿಗೆ ಮಾತ್ರ ಅದನ್ನು ವಿಸ್ತರಿಸಿತು.

ಕುಟುಂಬಸ್ಥಿತಿ ತ್ರಿವಿಧ: ಏಕಾಕಿ, ಸಕುಟುಂಬ, ಸ್ವಾಮಿಕುಟುಂಬೀಯ. ಋತುವನ್ನು ಅನುಸರಿಸಿ ಊರೂರು ಸಂಚರಿಸುವುದು ಏಕಾಕಿಗೆ ಸುಲಭ. ಮಕ್ಕಳ ಶಾಲೆ ಸಕುಟುಂಬನನ್ನು ಒಂದೆಡೆ ಕಟ್ಟುತ್ತದೆ. ಮೂರನೆಯವನು ಜಮೀನುದಾರನ ಪುತ್ರಾದಿ; ಕನಿಷ್ಠ ವೇತನದ ನಿಯಮ ಅವನಿಗೆ ಅನ್ವಯಿಸದಾದ್ದರಿಂದ ಅವನು ಈ ವಿಚಾರದ ಬಹಿರ್ಭೂತ.

ಇಲ್ಲಿ ಪೂರ್ವಪಕ್ಷ: ಪೆಟ್ಟಿಗೆಯ ಲೆಕ್ಕದಲ್ಲಿ ಕೂಲಿ ಕೊಡುವಲ್ಲಿ ಕೊಯ್ದವನ ಮೈಬಣ್ಣ ಅಪ್ರಸ್ತುತ, ಆದ್ದರಿಂದ ಗಳಿಕೆಯ ಭೇದಕ್ಕೆ ಕೌಶಲವೊಂದೇ ಹೇತು. ಉತ್ತರ: ಹಾಗಲ್ಲ. ಸಮದರವು ಕೊಯ್ಲಿನ ನಂತರದ್ದು. ಯಾವ ಹೊಲ, ಎಷ್ಟು ದಿನ, ಯಾರಿಗೆ ಎಂಬ ನಿಯೋಗ ಅದಕ್ಕೂ ಮೊದಲಿನದು. ಪಕ್ಷಪಾತ ನಿಯೋಗದಲ್ಲಿ ಪ್ರವೇಶಿಸಿದರೆ ದರದ ಶುದ್ಧಿ ಅದನ್ನು ನಿವಾರಿಸದು. ಕೌಶಲವೂ ಕೆಲಸ ದೊರೆತವನಿಗಷ್ಟೇ ಫಲಿಸುತ್ತದೆ.

ಮತ್ತೊಂದು ಪೂರ್ವಪಕ್ಷ: 1938ರ ಕಾನೂನಿನಲ್ಲಿ ಜನಾಂಗವಾಚಕ ಪದವಿಲ್ಲ, ಆದ್ದರಿಂದ ಅದು ನಿಷ್ಪಕ್ಷಪಾತ. ಉತ್ತರ: ನಿಯಮದ ಸ್ವರೂಪ ಶಬ್ದದಿಂದ ಮಾತ್ರವಲ್ಲ, ವ್ಯಾಪ್ತಿಯಿಂದಲೂ ನಿರ್ಣೀತ. ಆ ಕಾಲದ ದಕ್ಷಿಣ ರಾಜ್ಯಗಳಲ್ಲಿ ಕರಿಯರ ಮುಖ್ಯ ಜೀವನೋಪಾಯ ಹೊಲದ ಕೆಲಸ ಮತ್ತು ಮನೆಗೆಲಸ. ವೃತ್ತಿಯ ವರ್ಜನೆಯೇ ಅಲ್ಲಿ ಜನಾಂಗದ ವರ್ಜನೆಯಾಗಿ ಪರಿಣಮಿಸಿತು.

ಮೂರನೆಯ ಪೂರ್ವಪಕ್ಷ: ಸಕುಟುಂಬನಿಗೆ ಏಕಾಕಿಗಿಂತ ಅಧಿಕ ಗಳಿಕೆ ಕಾಣುವುದರಿಂದ ಕುಟುಂಬವು ವೃದ್ಧಿಹೇತು. ಉತ್ತರ: ಇಲ್ಲಿ ಯೋಗವನ್ನು ವೃದ್ಧಿಯೆಂದು ಭ್ರಮಿಸಲಾಗಿದೆ. 1865ರಲ್ಲಿ ದಾಸ್ಯ ರದ್ದಾದ ಮೇಲೆ ದಕ್ಷಿಣದಲ್ಲಿ ಹರಡಿದ ಪಾಲುಬೇಸಾಯದಲ್ಲಿ ಕರಾರು ಕುಟುಂಬದ ಯಜಮಾನನ ಹೆಸರಿನಲ್ಲಿ. ಹೆಂಡತಿ ಮಕ್ಕಳ ದುಡಿಮೆ ಅದೇ ಪಾಲಿನಲ್ಲಿ ಲೀನ. ಹಲವರ ಶ್ರಮ ಒಬ್ಬನ ಲೆಕ್ಕದಲ್ಲಿ ಸೇರಿದಾಗ ಮೊತ್ತ ಹಿರಿದು, ತಲಾ ಭಾಗ ಕಿರಿದು.

ಸಿದ್ಧಾಂತವಿದು: ಜನಾಂಗ ಮತ್ತು ಕುಟುಂಬಸ್ಥಿತಿ ಪರಸ್ಪರ ಭಿನ್ನ ಕಾರಣಗಳು, ಮೊದಲನೆಯದು ಅವಕಾಶವನ್ನು ಸಂಕುಚಿತಗೊಳಿಸಿದರೆ ಎರಡನೆಯದು ಸಂಚಾರವನ್ನೂ ಗಣನೆಯನ್ನೂ ನಿಯಂತ್ರಿಸುತ್ತದೆ. ಗಳಿಕೆಯ ಮಾನ ಕುಟುಂಬವಲ್ಲ, ವ್ಯಕ್ತಿ. ದುಡಿದ ಪ್ರತಿಯೊಬ್ಬರ ಹೆಸರಿನಲ್ಲಿ ಕೂಲಿ ದಾಖಲಾಗದ ಲೆಕ್ಕವು ಪ್ರಮಾಣವಲ್ಲ. ಅದರ ಮೇಲೆ ನಿಂತ ನ್ಯಾಯವೂ ಗ್ರಾಹ್ಯವಲ್ಲ.