ಪಕ್ಷಾಂತರವೂ ಮತದಾರನ ಋಣವೂ

ಸಾಲ ತಂದವನು ಅಂಗಡಿಯ ಹೆಸರು ಬದಲಿಸಿದ ಮಾತ್ರಕ್ಕೆ ಸಾಲ ತೀರುವುದಿಲ್ಲ. ಇದು ಸಂತೆಗೆ ಹೋಗುವ ಹುಡುಗನಿಗೂ ಗೊತ್ತು. ಆದರೆ ಒಂದು ಪಕ್ಷದ ಹೆಸರಿನಲ್ಲಿ ಮತ ಪಡೆದವನು ಇನ್ನೊಂದಕ್ಕೆ ಹೋದರೆ, ಮತದಾರನಿಗೆ ಅವನು ಸಲ್ಲಿಸಬೇಕಾದುದೇನು? “ಜನ ಮತ್ತೆ ಗೆಲ್ಲಿಸಿದರಲ್ಲ, ಇನ್ನೇನು ಉಳಿಯಿತು?” ಎಂಬುದು ರೂಢಿಯ ಉತ್ತರ. ಈ ಉತ್ತರ ಎಷ್ಟರಮಟ್ಟಿಗೆ ನಿಲ್ಲುತ್ತದೆಂದು ವಿಚಾರಿಸುವುದು ಯೋಗ್ಯವಾಗಿದೆ.

ಇದಕ್ಕೆ ಎಸ್. ಬಂಗಾರಪ್ಪನವರ ಚುನಾವಣಾ ಜೀವನ ಕನ್ನಡ ನಾಡಿನಲ್ಲಿ ಎದ್ದು ಕಾಣುವ ಉದಾಹರಣೆ. ಸಮಾಜವಾದಿ ಚಳವಳಿಯಿಂದ ಬಂದ ಅವರು 1967ರಲ್ಲಿ ಸೊರಬದಿಂದ ವಿಧಾನಸಭೆಗೆ ಆರಿಸಿಬಂದರು; 1994ರ ವರೆಗೆ ಆ ಕ್ಷೇತ್ರದಲ್ಲಿ ಒಮ್ಮೆಯೂ ಸೋಲಲಿಲ್ಲ. ಈ ನಡುವೆ ಕಾಂಗ್ರೆಸ್ಸಿಗೆ ಹೋದರು, ಕ್ರಾಂತಿರಂಗಕ್ಕೆ ಬಂದರು, ಪುನಃ ಕಾಂಗ್ರೆಸ್ಸಿಗೆ ಮರಳಿ 1990ರಿಂದ 1992ರ ವರೆಗೆ ಮುಖ್ಯಮಂತ್ರಿಗಳಾಗಿದ್ದರು. ಬಳಿಕ ತಾವೇ ಪಕ್ಷ ಕಟ್ಟಿದರು. ಶಿವಮೊಗ್ಗ ಲೋಕಸಭಾ ಕ್ಷೇತ್ರದ ಲೆಕ್ಕವಂತೂ ವಿಚಿತ್ರವಾದುದು: 1996ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ, 1999ರಲ್ಲಿ ಕಾಂಗ್ರೆಸ್ಸಿನಿಂದ, 2004ರಲ್ಲಿ ಭಾರತೀಯ ಜನತಾ ಪಕ್ಷದಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ. ಗೆಲುವು ನಾಲ್ಕು, ಬಾವುಟವೂ ನಾಲ್ಕು.

ಈ ಲೆಕ್ಕ ಕೇಳಿ ನಗುವವರುಂಟು. ನಗುವ ಮೊದಲು ನ್ಯಾಯದ ಮಾತೊಂದನ್ನು ಒಪ್ಪಬೇಕು. 2005ರಲ್ಲಿ ಅವರು ಸ್ಥಾನವನ್ನು ಅಪ್ಪಿಕೊಂಡು ಕೂಡಲಿಲ್ಲ. ರಾಜೀನಾಮೆ ಕೊಟ್ಟು ಜನರೆದುರು ನಿಂತರು. ನೀರಾವರಿ ಪಂಪುಗಳಿಗೆ ಹತ್ತು ಅಶ್ವಶಕ್ತಿಯ ವರೆಗೆ ಬಿಟ್ಟಿ ವಿದ್ಯುತ್ತು ಕೊಟ್ಟ ಮುಖ್ಯಮಂತ್ರಿಯನ್ನು ರೈತರು ಅವರಲ್ಲಿ ಕಂಡಿದ್ದರು. ಹಿಂದುಳಿದವರು ತಮ್ಮವನೆಂದು ಬಗೆದಿದ್ದರು. ಮನುಷ್ಯನನ್ನು ನೋಡಿ ಮತ ಹಾಕಿದವನಿಗೆ ಬಾವುಟ ಬದಲಾದರೆ ಮೋಸವೇನು?

ಮೋಸವಿಲ್ಲದಿರಬಹುದು, ಆದರೆ ಕೊರತೆಯುಂಟು. ಮತವೆಂಬುದರಲ್ಲಿ ಎರಡು ಪಾಲುಗಳಿವೆ: ಮನುಷ್ಯನ ಮೇಲಿನ ನಂಬಿಕೆ ಒಂದು, ಅವನು ತೋರಿದ ದಾರಿಗೆ ಕೊಟ್ಟ ಒಪ್ಪಿಗೆ ಇನ್ನೊಂದು. ಯಾವ ಪಕ್ಷ ಬೇಡವೆಂದು 1999ರಲ್ಲಿ ಮತ ಕೇಳಿದ್ದರೋ ಆ ಪಕ್ಷಕ್ಕೇ 2004ರಲ್ಲಿ ಮತ ಕೇಳಿದರು. ಮರುವರ್ಷವೇ ಅದನ್ನೂ ತೊರೆದರು. ಆಗ ಮೊದಲನೆಯ ಪಾಲು ಉಳಿದರೂ ಎರಡನೆಯದು ಉಳಿಯಲಿಲ್ಲ. ಕೊನೆಗೆ 2008ರಲ್ಲಿ ಶಿಕಾರಿಪುರ, 2009ರಲ್ಲಿ ಶಿವಮೊಗ್ಗ, ಎರಡೂ ಕಡೆ ಸೋತರು. ಸೋತದ್ದರಿಂದ ಅವರ ಪಕ್ಷಾಂತರ ತಪ್ಪೆಂದು ಸಿದ್ಧವಾಗಲಿಲ್ಲ. ಹಿಂದೆ ಗೆದ್ದದ್ದರಿಂದ ಸರಿಯೆಂದೂ ಸಿದ್ಧವಾಗಿರಲಿಲ್ಲ.

ಬೈಲಹೊಂಗಲದ ದೊಡವಾಡದಲ್ಲಿ ಕುಳಿತು ನೋಡುವವರಿಗೆ ಇನ್ನೂ ಹತ್ತಿರದ ನಿದರ್ಶನ ಬೆಳಗಾವಿ ಜಿಲ್ಲೆಯೊಳಗೇ ಇದೆ. ಅಥಣಿಯಲ್ಲಿ 2018ರಲ್ಲಿ ಕಾಂಗ್ರೆಸ್ಸಿನ ಮಹೇಶ ಕುಮಠಳ್ಳಿಯವರು ಭಾಜಪದ ಲಕ್ಷ್ಮಣ ಸವದಿಯವರನ್ನು ಸೋಲಿಸಿದರು. 2019ರಲ್ಲಿ ಅನರ್ಹರಾದ 17 ಶಾಸಕರಲ್ಲಿ ಕುಮಠಳ್ಳಿಯವರೂ ಒಬ್ಬರು. ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲವೆಂದಿತು. ಅವರು ಭಾಜಪದಿಂದ ನಿಂತು ಗೆದ್ದರು. 2023ರಲ್ಲಿ ಭಾಜಪದ ಟಿಕೆಟ್ಟು ಕುಮಠಳ್ಳಿಯವರಿಗೇ ಹೋದಾಗ ಸವದಿಯವರು ಕಾಂಗ್ರೆಸ್ಸು ಸೇರಿ ಅವರನ್ನು ಸೋಲಿಸಿದರು. ಐದು ವರುಷದಲ್ಲಿ ಅದೇ ಇಬ್ಬರು ಅಂಗಿ ಬದಲಿಸಿಕೊಂಡು ನಿಂತಂತಾಯಿತು. 1985ರ ಪಕ್ಷಾಂತರ ನಿಷೇಧ ಕಾಯಿದೆ ಇಲ್ಲಿ ಕುರ್ಚಿಯನ್ನು ಕಸಿಯಬಲ್ಲುದಾಯಿತೇ ಹೊರತು ಕಾರಣವನ್ನು ಹೇಳಿಸಬಲ್ಲುದಾಗಲಿಲ್ಲ.

ಇದರ ಪೆಟ್ಟು ಬೀಳುವುದು ಊರೊಳಗೆ. ಒಂದು ಬಾವುಟಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ನೆರೆಮನೆಯ ಮದುವೆಗೆ ಹೋಗುವುದು ನಿಲ್ಲುತ್ತದೆ, ಜಾತ್ರೆಯಲ್ಲಿ ಎರಡು ಗುಂಪುಗಳಾಗುತ್ತವೆ. ನಾಯಕನು ಒಂದು ರಾತ್ರಿಯಲ್ಲಿ ಆಚೆಯ ಪಕ್ಷಕ್ಕೆ ಹೋಗಿ ಹಾರ ಹಾಕಿಸಿಕೊಳ್ಳುತ್ತಾನೆ; ಮುರಿದ ಮನೆಗಳನ್ನು ಕೂಡಿಸಲು ಅವನು ಬರುವುದಿಲ್ಲ. ಮರುಗೆಲುವಿನ ಮೆರವಣಿಗೆಯಲ್ಲಿ ಈ ನಷ್ಟ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಹಾಗೆಂದು ಪಕ್ಷ ಬದಲಿಸುವುದೇ ಪಾಪವೆನ್ನಲಾಗದು. ಇಂಗ್ಲೆಂಡಿನ ಚರ್ಚಿಲ್ಲರು 1904ರಲ್ಲಿ ಕನ್ಸರ್ವೇಟಿವ್ ಪಕ್ಷ ಬಿಟ್ಟು ಲಿಬರಲ್ಲರ ಸಾಲಿಗೆ ಹೋಗಿ ಕುಳಿತರು. ಆಮದು ಸುಂಕ ಹೇರಬೇಕೆಂಬ ವಾದ ತಮ್ಮ ಪಕ್ಷದಲ್ಲಿ ಬಲಗೊಂಡಾಗ, ಮುಕ್ತ ವ್ಯಾಪಾರವೇ ಸರಿಯೆಂದು ಅವರು ಬಹಿರಂಗವಾಗಿ ವಾದಿಸಿದ್ದರು. ಇಪ್ಪತ್ತು ವರುಷದ ಮೇಲೆ ಹಳೆಯ ಪಕ್ಷಕ್ಕೆ ಮರಳಿದಾಗ ಅವರನ್ನು ಶಂಕಿಸಿದವರಿದ್ದರು. ಆದರೂ ಮೊದಲ ಸಲದ ಕಾರಣ ಎಲ್ಲರಿಗೂ ಗೊತ್ತಿತ್ತು. ಒಪ್ಪಲು, ಬಿಡಲು ಮತದಾರನಿಗೆ ಒಂದು ವಿಷಯವಿತ್ತು.

ಇನ್ನೂ ಮೇಲಾದ ಮಾದರಿ ನಮ್ಮ ದೇಶದ್ದೇ. 1948ರಲ್ಲಿ ಸಮಾಜವಾದಿಗಳು ಕಾಂಗ್ರೆಸ್ಸಿನಿಂದ ಹೊರಬಂದಾಗ ಆಚಾರ್ಯ ನರೇಂದ್ರ ದೇವರೂ ಅವರ ಸಂಗಡಿಗರೂ ಸಂಯುಕ್ತ ಪ್ರಾಂತದ ವಿಧಾನಸಭೆಯ ಸ್ಥಾನಗಳಿಗೆ ರಾಜೀನಾಮೆ ಕೊಟ್ಟರು. ಕಾಂಗ್ರೆಸ್ಸಿನ ಹೆಸರಿನಲ್ಲಿ ಪಡೆದ ಸ್ಥಾನ ತಮ್ಮದಲ್ಲವೆಂಬುದೇ ಅವರ ತರ್ಕ. ಹಾಗೆ ಮಾಡೆಂದು ಅಂದು ಯಾವ ಕಾನೂನೂ ಹೇಳಿರಲಿಲ್ಲ. ಉಪಚುನಾವಣೆಗೆ ನಿಂತ ಆಚಾರ್ಯರು ಸೋತರು. ಜನರ ತೀರ್ಪೇ ನೀತಿಯ ತೀರ್ಪಾಗಿದ್ದರೆ ಅವರು ತಪ್ಪಿತಸ್ಥರೆನಿಸಬೇಕಿತ್ತು. ಯಾರೂ ಹಾಗೆನ್ನಲಾರರು. ಸೋತರೂ ಅವರ ಋಣ ಪೂರ್ತಿ ಸಂದಿತ್ತು.

ಆದುದರಿಂದ ಪಕ್ಷ ಬಿಟ್ಟವನ ಮೇಲೆ ಎರಡು ಸಾಲಗಳಿವೆ. ಸ್ಥಾನವನ್ನು ಹಿಂದಿರುಗಿಸುವುದು ಒಂದು. ದಾರಿ ಬದಲಾದ ಕಾರಣವನ್ನು ಬಿಚ್ಚಿ ಹೇಳುವುದು ಇನ್ನೊಂದು. ಮರುಚುನಾವಣೆ ಮೊದಲನೆಯದನ್ನಷ್ಟೇ ತೀರಿಸುತ್ತದೆ. ಎರಡನೆಯದನ್ನು ವಸೂಲು ಮಾಡಬೇಕಾದವರು ಕೋರ್ಟಿನವರಲ್ಲ, ಸಭಾಧ್ಯಕ್ಷರೂ ಅಲ್ಲ, ನಾವು. ಕೇಳದ ಸಾಲವನ್ನು ಯಾರೂ ತಾವಾಗಿ ತಂದುಕೊಡುವುದಿಲ್ಲ. ಹೊಸ ಬಾವುಟ ಹಿಡಿದು ಊರ ಕಟ್ಟೆಗೆ ಬಂದವನಿಗೆ ಕೂಡಲು ಜಾಗ ಕೊಡೋಣ, ನೀರು ಕೊಡೋಣ; ಆಮೇಲೆ ಒಂದು ಮಾತು ಕೇಳೋಣ: “ಸಾಹೇಬರ, ಹೋದ ಸಲ ಇಲ್ಲೇ ನಿಂತು ನೀವು ಹೇಳಿದ್ದರಲ್ಲಿ ಯಾವುದು ಸುಳ್ಳಾಯಿತು?” ಉತ್ತರ ಬರುವ ವರೆಗೆ ಕೈಯಲ್ಲಿರುವ ಹಾರ ಕೈಯಲ್ಲೇ ಇರಲಿ.