ಮರುಬಳಕೆಯ ಯಂತ್ರ ಮತ್ತು ಎಂಜಲಿನ ಪ್ರಶ್ನೆ

ಮನೆಬಳಕೆಯ ಯಂತ್ರವನ್ನು ತಯಾರಿಸಿ, ಕೆಲವು ವರ್ಷ ಬಳಸಿ, ಗುಜರಿಗೆ ಹಾಕುವುದರ ಬದಲು ಅದನ್ನು ದುರಸ್ತಿ ಮಾಡಿ, ಮತ್ತೊಬ್ಬರಿಗೆ ದಾಟಿಸಿ ಅಥವಾ ಬಾಡಿಗೆಗೆ ಕೊಟ್ಟು, ಕೊನೆಗೆ ಅದರ ತಾಮ್ರ, ಉಕ್ಕು, ಪ್ಲಾಸ್ಟಿಕ್‌ಗಳನ್ನು ಕಾರ್ಖಾನೆಗೇ ಮರಳಿಸುವ ವ್ಯವಸ್ಥೆಗೆ ವೃತ್ತಾಕಾರದ ಆರ್ಥಿಕತೆ ಎಂಬ ಹೆಸರಿದೆ. ಹುಬ್ಬಳ್ಳಿ-ಧಾರವಾಡಗಳ ನಡುವೆ, ಕೈಗಾರಿಕಾ ಪ್ರದೇಶವೂ ವಸತಿ ಬಡಾವಣೆಗಳೂ ಒತ್ತೊತ್ತಾಗಿ ಬೆಳೆದಿರುವ ರಾಯಾಪುರದಂಥ ಊರಿನಲ್ಲಿ ಈ ವ್ಯವಸ್ಥೆ ಹೊಸದೇನಲ್ಲ. ಕೆಟ್ಟ ಮಿಕ್ಸರ್ ರಿಪೇರಿಗೆ ಹೋಗುತ್ತದೆ, ಹಳೆಯ ಕಬ್ಬಿಣ ಮೋಡಕಾದವರ ಪಾಲಾಗುತ್ತದೆ. ಆದರೆ ಸೆಕೆಂಡ್ ಹ್ಯಾಂಡ್ ಬೈಕು, ಟ್ರ್ಯಾಕ್ಟರು, ಹೊಲಿಗೆ ಯಂತ್ರಗಳನ್ನು ಸಂಕೋಚವಿಲ್ಲದೆ ಕೊಳ್ಳುವ ಕುಟುಂಬವೇ ಇನ್ನೊಬ್ಬರು ಬಳಸಿದ ಫ್ರಿಜ್ಜನ್ನೋ ಬಟ್ಟೆ ಒಗೆಯುವ ಯಂತ್ರವನ್ನೋ ಒಳಗೆ ತರಲು ಹಿಂಜರಿಯುತ್ತದೆ. ಈ ಹಿಂಜರಿಕೆಗೆ ಬೆಲೆಯೂ ವಾರಂಟಿಯೂ ಮಾತ್ರ ಕಾರಣವಾಗಿದ್ದರೆ ಅದು ಎಲ್ಲ ಯಂತ್ರಗಳಿಗೂ ಸಮನಾಗಿ ಅನ್ವಯಿಸಬೇಕಿತ್ತು; ಅನ್ನಕ್ಕೂ ಮೈಬಟ್ಟೆಗೂ ತಾಗುವ ವಸ್ತುಗಳಲ್ಲೇ ಅದು ಬಲವಾಗಿರುವುದರಿಂದ ಇದರ ಬೇರು ಮಡಿ-ಮೈಲಿಗೆ, ಎಂಜಲುಗಳ ಭಾವನೆಯಲ್ಲಿದೆ ಎಂದು ತಿಳಿಯಬೇಕಾಗುತ್ತದೆ.

ಬಳಸಿದ ವಸ್ತುವಿಗೆ ಅಂಟಿದ ಮೈಲಿಗೆಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಎರಡು ಉತ್ತರಗಳು ಕನ್ನಡ ನಾಡಿನ ಒಂದೇ ಊರಿನಲ್ಲಿ, ಹೆಚ್ಚು ಕಾಲದ ಅಂತರವಿಲ್ಲದೆ ಹುಟ್ಟಿದವು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನ ದಾಯಭಾಗದ, ಅಂದರೆ ಪಿತ್ರಾರ್ಜಿತ ಆಸ್ತಿಯ ಹಂಚಿಕೆಯ, ವಿಚಾರಕ್ಕೆ ಹೆಸರಾಗಿದ್ದರೂ, ಆ ಸ್ಮೃತಿಯ ಆಚಾರಾಧ್ಯಾಯದಲ್ಲಿ ದ್ರವ್ಯಶುದ್ಧಿ, ಅಂದರೆ ಬಳಸಿದ ವಸ್ತುಗಳನ್ನು ಶುದ್ಧಗೊಳಿಸುವ ವಿಧಾನಗಳ ಪ್ರಕರಣವೂ ಇದೆ. ತಾಮ್ರ, ತವರ, ಸೀಸಗಳಿಗೆ ಕ್ಷಾರ ಮತ್ತು ಹುಳಿನೀರು, ಕಂಚು-ಕಬ್ಬಿಣಗಳಿಗೆ ಬೂದಿ ಮತ್ತು ನೀರು, ಮಣ್ಣಿನ ಪಾತ್ರೆಗೆ ಮರಳಿ ಸುಡುವುದು ಎಂದು ಒಂದೊಂದು ವಸ್ತುವಿಗೂ ಅದರ ಗುಣಕ್ಕೆ ತಕ್ಕ ಶುದ್ಧಿಯನ್ನು ಅಲ್ಲಿ ಹೇಳಲಾಗಿದೆ. ಅಶುದ್ಧಿಯನ್ನು ಒಪ್ಪುವ ಈ ಶಾಸ್ತ್ರವು ಅಶುದ್ಧವಾದುದನ್ನೆಲ್ಲ ಎಸೆಯಲು ಹೇಳುವುದಿಲ್ಲ. ಲೋಹದ ವಸ್ತುವಿಗೆ ಬಳಕೆಯಿಂದ ತಗಲುವ ದೋಷ ತೊಳೆದರೆ ಹೋಗುವಂಥದು ಎಂಬುದೇ ಅದರ ನಿಲುವು, ಮತ್ತು ಉಕ್ಕಿನ ಹೊರಮೈಯ ಫ್ರಿಜ್ಜಾಗಲಿ ಸ್ಟೀಲಿನ ಡ್ರಮ್ಮಿನ ಯಂತ್ರವಾಗಲಿ ಈ ನಿಲುವಿನಿಂದ ಹೊರಗುಳಿಯಲು ಕಾರಣವಿಲ್ಲ.

ಅದೇ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಇನ್ನೂ ಮುಂದೆ ಹೋದರು. ಜನನ, ಮರಣ, ರಜಸ್ಸು, ಜಾತಿ, ಎಂಜಲು ಎಂಬ ಐದು ಸೂತಕಗಳನ್ನು ಅವರ ಧರ್ಮ ಅಲ್ಲಗಳೆಯಿತು. ಲಿಂಗಕ್ಕೆ ಅರ್ಪಿತವಾದುದು ಪ್ರಸಾದವೇ ಆದ ಮೇಲೆ ಅದರಲ್ಲಿ ಎಂಜಲನ್ನು ಹುಡುಕುವ ಮನಸ್ಸೇ ಸೂತಕಕ್ಕೆ ಒಳಗಾದುದು ಎಂಬುದು ಅದರ ತಾತ್ಪರ್ಯ. ಶರಣರ ಪರಂಪರೆ ಗಾಢವಾಗಿ ಬೇರೂರಿದ ಧಾರವಾಡ ಸೀಮೆಯಲ್ಲಿ ಯಂತ್ರದ ವಿಷಯಕ್ಕೆ ಬಂದಾಗ ಐದನೆಯ ಸೂತಕ ಮರಳಿ ತಲೆಯೆತ್ತುವುದು ಗಂಭೀರವಾಗಿ ಆಲೋಚಿಸಬೇಕಾದ ಸಂಗತಿ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ದಾಸೋಹದಲ್ಲಿ ಉಣ್ಣುವವರಾಗಲಿ, ರಾಯಾಪುರದ ಅಕ್ಷಯಪಾತ್ರೆ ಸಂಸ್ಥೆಯ ಅಡುಗೆಮನೆಯಿಂದ ಬಿಸಿಯೂಟ ಪಡೆಯುವ ಶಾಲಾಮಕ್ಕಳಾಗಲಿ ಅಲ್ಲಿನ ಪಾತ್ರೆಯಲ್ಲಿ ನಿನ್ನೆ ಯಾರಿಗಾಗಿ ಅನ್ನ ಬೆಂದಿತ್ತೆಂದು ಕೇಳುವುದಿಲ್ಲ. ಮದುವೆಗೆ ಬಾಡಿಗೆ ಪಾತ್ರೆ ತರುವ ಮನೆಯವರೂ ಕೇಳುವುದಿಲ್ಲ. ಹಂಚಿಕೊಂಡು ಬಳಸುವುದು ಇಲ್ಲಿ ಧರ್ಮವಾಗಿ ಸಲ್ಲುತ್ತಿರುವಾಗ, ಸ್ವಂತ ಅಡುಗೆಮನೆಯಲ್ಲಿ ಮಾತ್ರ ಅದು ಕೊರತೆಯ, ಬಡತನದ ಗುರುತಾಗಿ ಕಾಣತೊಡಗಿದೆ. ಎಂಜಲಿನ ಅಳುಕಿನ ಜೊತೆಗೆ ಈ ಮರ್ಯಾದೆಯ ಅಳುಕೂ ಸೇರಿಕೊಂಡಿದೆ.

ಹಿಂಜರಿಕೆಯೆಲ್ಲ ಕುರುಡು ನಂಬಿಕೆಯೆಂದು ತಳ್ಳಿಹಾಕುವುದೂ ಸರಿಯಲ್ಲ. ಪಾತ್ರೆಯ ದೋಷ ಕಣ್ಣಿಗೆ ಕಾಣುತ್ತದೆ, ಆದರೆ ಮುಚ್ಚಿದ ಯಂತ್ರದ ದೋಷ ಕಾಣುವುದಿಲ್ಲ. ಫ್ರಿಜ್ಜಿನ ಕಂಪ್ರೆಸರ್, ಅಂದರೆ ತಂಪುಗೊಳಿಸುವ ಅನಿಲವನ್ನು ಒತ್ತಿ ಕೊಳವೆಗಳಲ್ಲಿ ಓಡಿಸುವ ಭಾಗ, ಎಷ್ಟು ಸವೆದಿದೆ, ಒಳಗಿರುವ ಅನಿಲ ಯಾವುದು ಎಂಬುದನ್ನು ಕೊಳ್ಳುವವರು ಮಾರುವವರ ಮಾತಿನಿಂದಲೇ ತಿಳಿಯಬೇಕು. ಹಳೆಯ ಫ್ರಿಜ್ಜುಗಳಲ್ಲಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲ ಓಜೋನ್ ಪದರವನ್ನು ಕೆಡಿಸುವುದರಿಂದ, ಮಾಂಟ್ರಿಯಲ್ ಒಪ್ಪಂದದಂತೆ ಭಾರತವೂ 2010ರ ವೇಳೆಗೆ ಅದನ್ನು ಕೈಬಿಡಬೇಕಾಯಿತು. ಅಲ್ಲದೆ ಫ್ರಿಜ್ಜು ಹಗಲಿರುಳು ವಿದ್ಯುತ್ತನ್ನು ಉಣ್ಣುವ ಯಂತ್ರ. 2006ರಲ್ಲಿ ವಿದ್ಯುತ್ ಉಳಿತಾಯವನ್ನು ಸೂಚಿಸುವ ನಕ್ಷತ್ರ ಗುರುತಿನ ಪದ್ಧತಿ ಬರುವುದಕ್ಕೆ ಮೊದಲಿನದನ್ನು ಉಳಿಸಿಕೊಳ್ಳುವುದು ಮಿತವ್ಯಯದಂತೆ ಕಂಡರೂ ವಾಸ್ತವದಲ್ಲಿ ದುಂದು ಆಗಬಹುದು. ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ತಿರುಗುವ ಗ್ರೈಂಡರಿಗೂ ಬಟ್ಟೆ ಒಗೆಯುವ ಯಂತ್ರಕ್ಕೂ ಈ ಆಕ್ಷೇಪ ಅಷ್ಟಾಗಿ ತಗಲುವುದಿಲ್ಲ. ಅವುಗಳನ್ನು ದುರಸ್ತಿ ಮಾಡಿ ಬಳಸುವುದೇ ಹೆಚ್ಚಿನ ಸಂದರ್ಭಗಳಲ್ಲಿ ವಿವೇಕ.

ಕಾನೂನು ಒಂದಿಷ್ಟು ದಾರಿ ಮಾಡಿಕೊಟ್ಟಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಮರುಸಂಸ್ಕರಣೆಯ ಹೊಣೆ ಹೊರಿಸಿ, ಯಂತ್ರಗಳನ್ನು ನವೀಕರಿಸುವವರೂ ನೋಂದಾಯಿಸಿಕೊಳ್ಳಬೇಕೆಂದು ವಿಧಿಸಿವೆ. ದುರಸ್ತಿಯ ಹಕ್ಕಿಗಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆದಿದೆ. ಆದರೆ ಮಾರುವವರ ಮಾತಿಗೆ ಸತ್ಯವನ್ನು ತುಂಬುವ ಕೆಲಸ ನಿಯಮದಿಂದಷ್ಟೇ ಆಗುವುದಿಲ್ಲ. ಕಾಯಕವೆಂದರೆ ದುಡಿಮೆ ಮಾತ್ರವಲ್ಲ, ಮೋಸವಿಲ್ಲದ ದುಡಿಮೆ ಎಂದು ಶರಣರು ಒತ್ತಿ ಹೇಳಿದ್ದು ಇಲ್ಲಿ ನೇರವಾಗಿ ಅನ್ವಯಿಸುತ್ತದೆ: ಬಳಸಿದ ವಸ್ತುವಿಗೆ ಅಂಟುವ ನಿಜವಾದ ಮೈಲಿಗೆ ಹಿಂದಿನವರ ಕೈಯದಲ್ಲ, ಮುಚ್ಚಿಟ್ಟ ದೋಷದ್ದು. ಆದ್ದರಿಂದ ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಯಂತ್ರಗಳನ್ನು ನವೀಕರಿಸಿ ಮಾರುವವರು ತಯಾರಾದ ವರ್ಷ, ಬದಲಿಸಿದ ಬಿಡಿಭಾಗ, ಒಳಗಿನ ಅನಿಲ, ಉಳಿದಿರುವ ದೋಷ ಇವಿಷ್ಟನ್ನು ಬರೆದ ಚೀಟಿಯೊಂದನ್ನು ಪ್ರತಿ ಯಂತ್ರದೊಡನೆ ಸಹಿ ಮಾಡಿ ಕೊಡುವ ರೂಢಿಯನ್ನು ಆರಂಭಿಸಬೇಕು; ಕೊಳ್ಳುವವರೂ ಆ ಚೀಟಿಯನ್ನು ಕೇಳಿ ಪಡೆಯಬೇಕು.