ಗಡುವಿಗೆ ಮೊದಲೇ ಋಣಮುಕ್ತಿ

ಸಾಲವನ್ನು ಗಡುವಿನ ದಿನ ತೀರಿಸುವುದು ನ್ಯಾಯ. ಗಡುವಿಗೆ ಮೊದಲೇ ತೀರಿಸುವುದು ಧರ್ಮವೇ? ಅವಧಿಯನ್ನು ಇಬ್ಬರೂ ಒಪ್ಪಿರುವಾಗ ಅಷ್ಟರವರೆಗೆ ಹಣವನ್ನು ಇರಿಸಿಕೊಂಡವನಲ್ಲಿ ದೋಷವಿಲ್ಲ. ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ 5 ಅತಿಚಾರಗಳಲ್ಲಿಯೂ ಇದು ಸೇರಿಲ್ಲ. ಆದರೂ ಶ್ರಾವಕನು ಇಲ್ಲಿ ವಿಚಾರಿಸಬೇಕಾದುದಿದೆ.

ಕರ್ಮಸಿದ್ಧಾಂತವು ನಿರ್ಜರೆಯನ್ನು ಎರಡು ಬಗೆಯಾಗಿ ವಿವರಿಸುತ್ತದೆ. ಸ್ಥಿತಿ ಮುಗಿದಾಗ ಕರ್ಮವು ಫಲವಿತ್ತು ಕಳಚುವುದು ಸವಿಪಾಕ ನಿರ್ಜರೆ. ಇದು ಸಕಲ ಸಂಸಾರಿ ಜೀವಿಗಳಿಗೂ ಸಹಜ. ಕಾಲ ಬರುವ ಮೊದಲೇ ತಪಸ್ಸಿನಿಂದ ಕಳಚಿಸುವುದು ಅವಿಪಾಕ ನಿರ್ಜರೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಮಾವು, ಹಲಸುಗಳನ್ನು ಉಪಾಯದಿಂದ ಮಾಗಿಸುವ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಅಷ್ಟಮಿ, ಚತುರ್ದಶಿಗಳಂದು ಉಪವಾಸ ಮಾಡುವವನು ಆತ್ಮದ ಸಾಲವನ್ನು ಅವಧಿಗೆ ಮುಂಚೆ ತೀರಿಸಲೆಳಸುವವನು. ಅಂಥವನು ಲೋಕದ ಸಾಲವನ್ನು ಮಾತ್ರ ಕಡೆಯ ಗಳಿಗೆಯವರೆಗೆ ಏಕೆ ಎಳೆಯಬೇಕು? ಅನಿತ್ಯಾನುಪ್ರೇಕ್ಷೆಯನ್ನು ಭಾವಿಸುವವನಿಗೆ ನಾಳೆಯ ಗಡುವನ್ನು ಕಾಣುವೆನೆಂಬ ಭರವಸೆ ಎಲ್ಲಿಯದು? ಒಂದು ಭೇದವುಂಟು. ಕರ್ಮದ ಋಣವು ಮತ್ತೊಬ್ಬರಿಗೆ ಹೋಗದು. ಹಣದ ಋಣವು ಮನೆಯವರ ಹೆಗಲಿಗೆ ಬೀಳಬಹುದು.

ಶಂಕೆ: ಮನೆಯ ಅಗತ್ಯಕ್ಕಿರಿಸಿದ ಹಣವನ್ನೂ ಸಾಲಕ್ಕೆ ತೆತ್ತರೆ ಮತ್ತೆ ಸಾಲ ಮಾಡಬೇಕಾಗದೇ?

ಸಮಾಧಾನ: ಆಗುವುದು. ತ್ಯಾಗವನ್ನೂ ತಪಸ್ಸನ್ನೂ ಶಕ್ತ್ಯನುಸಾರ ಮಾಡಬೇಕೆಂಬುದೇ ಶಾಸ್ತ್ರದ ಅಭಿಪ್ರಾಯ. ಔಷಧಿಯನ್ನೂ ಮಕ್ಕಳ ಶಾಲೆಯ ಶುಲ್ಕವನ್ನೂ ತಡೆದು ಬ್ಯಾಂಕಿನ ಕಂತನ್ನು ಮುಂಗಡವಾಗಿ ಕಟ್ಟುವುದು ವಿವೇಕವಲ್ಲ. ಮೊದಲು ಸಲ್ಲಬೇಕಾದುದು ಕೇಳಲು ಸಂಕೋಚಪಡುವವರ ಹಣ: ಹಾಲಿನವಳ ಬಾಕಿ, ಆಳಿನ ಕೂಲಿ. ಬ್ಯಾಂಕು ಬಡ್ಡಿ ಪಡೆದು ಕಾಯುತ್ತದೆ. ಇವರು ಹಸಿವನ್ನು ತಾಳಿ ಕಾಯುತ್ತಾರೆ. ತಾನು ಇಚ್ಛೆಯಿಂದ ಉಪವಾಸವಿದ್ದು, ಮತ್ತೊಬ್ಬರ ಮನೆಯಲ್ಲಿ ಬಲವಂತದ ಉಪವಾಸಕ್ಕೆ ಕಾರಣನಾದರೆ ಆ ವ್ರತವು ಎಂತಹುದು?

ನೋಂಪಿಯ ಉದ್ಯಾಪನೆಗಾಗಿ ಸಾಲ ಮಾಡುವ ಮನೆಗಳೂ ಉಂಟು. ಶಕ್ತಿಯಿಲ್ಲದವರು ಉದ್ಯಾಪನೆಗೆ ಬದಲಾಗಿ ವ್ರತವನ್ನೇ ಇಮ್ಮಡಿ ಕಾಲ ಆಚರಿಸಬಹುದೆಂದು ವ್ರತಕಥೆಗಳು ದಾರಿ ತೋರಿರುವಾಗ ಈ ಸಾಲವು ಅನವಶ್ಯಕ.

ಸಲ್ಲೇಖನೆಯನ್ನು ಕೈಗೊಳ್ಳುವವನು ಸ್ನೇಹ, ವೈರ, ಪರಿಗ್ರಹಗಳನ್ನು ತೊರೆದು, ಸ್ವಜನ ಪರಿಜನರನ್ನು ಕ್ಷಮಿಸಿ, ಅವರಿಂದ ಕ್ಷಮೆ ಬೇಡಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪದೇಶಿಸಿದ್ದಾರೆ. ಕ್ಷಮೆ ಬೇಡುವ ಬಾಯಿಗೆ ಲೆಕ್ಕದ ಪುಸ್ತಕವು ಅಡ್ಡಬರಬಾರದು. ಆದುದರಿಂದ ಶ್ರಾವಕನು ಪ್ರತಿ ಪರ್ವದ ಮುನ್ನಾದಿನ ತಾನು ಕೊಡಬೇಕಾದುದನ್ನು ಎಣಿಸಿ, ಕೊಡಬಲ್ಲುದನ್ನು ಅಂದೇ ಕೊಟ್ಟು, ಬಳಿಕ ಪ್ರೋಷಧೋಪವಾಸವನ್ನು ಕೈಗೊಳ್ಳಲಿ.